ಫೈನಾನ್ಸ್‌ನವನು ಬರುವ ಮೊದಲೇ ನಾನು ಹೋಗುತ್ತೇನೆ

ಸಾಗರ ಪೇಟೆಯಲ್ಲಿ ನಾನು ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ, ಅಂದರೆ ದಿನಾ ಅಂಗಡಿಗೇ ಹೋಗಿ ಉಳಿತಾಯದ ದುಡ್ಡು ತೆಗೆದುಕೊಂಡು ಅವರವರ ಖಾತೆಗೆ ಕಟ್ಟುವುದು. ಹೂವಿನವರು, ತರಕಾರಿಯವರು, ಟೈಲರ್‌ಗಳು, ಎರಡೇ ಟೇಬಲ್ಲಿನ ಹೋಟೆಲಿನವರು, ಆಟೋದವರು, ಇವರೇ ನನ್ನ ಗಿರಾಕಿಗಳು. ಯಾರಿಗೂ ತಿಂಗಳ ಸಂಬಳ ಇಲ್ಲ. ಹಾಗಾಗಿ ಸಂಬಳ ಬಂದ ದಿನವೇ ಇಷ್ಟು ಪರ್ಸೆಂಟ್ ತೆಗೆದಿಡಿ ಅನ್ನುವ ಉಪದೇಶ ಇಲ್ಲಿ ನಡೆಯುವುದಿಲ್ಲ.

ಪಿಗ್ಮಿ ನಮ್ಮ ರಾಜ್ಯದ್ದೇ ಕೂಸು. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ, ಅದೂ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುವುದು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ಸಹಕಾರಿ ಬ್ಯಾಂಕು, ಸೊಸೈಟಿಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ದುಡಿಮೆ ದಿನದ್ದಾದರೆ ಉಳಿಕೆಯೂ ದಿನದ್ದೇ ಆಗಬೇಕು, ಅಷ್ಟೇ.

ನಾನು ಮೊದಲು ಸರಿ ಮಾಡಿಕೊಂಡಿದ್ದು ಹೋಗುವ ಹೊತ್ತನ್ನು. ಬೆಳಿಗ್ಗೆ ಹೋದರೆ 'ಇನ್ನೂ ಬೋಣಿ ಆಗಿಲ್ಲ ಅಕ್ಕ' ಅನ್ನುತ್ತಾರೆ. ಸಂಜೆ ಆರರ ಮೇಲೆ ಹೋದರೆ ಡೈಲಿ ಫೈನಾನ್ಸ್ ಹುಡುಗ ಬೈಕಿನಲ್ಲಿ ಬಂದು ಹೋಗಿರುತ್ತಾನೆ. ಗಲ್ಲಾದಲ್ಲಿ ಚಿಲ್ಲರೆ ಬಿಟ್ಟು ಏನೂ ಇರುವುದಿಲ್ಲ. ಈಗ ನಾಲ್ಕೂವರೆಯಿಂದ ಆರರೊಳಗೆ ಪೇಟೆ ಮುಗಿಸುತ್ತೇನೆ. ಇದೊಂದರಿಂದ ಆದಷ್ಟು ಉಪಯೋಗ ನನ್ನ ಯಾವ ಮಾತಿನಿಂದಲೂ ಆಗಿಲ್ಲ.

ಡೈಲಿ ಫೈನಾನ್ಸ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹತ್ತು ಸಾವಿರದ ಸಾಲ ಅಂತ ಬರೆದುಕೊಂಡು ಕೈಗೆ ಒಂಬತ್ತು ಸಾವಿರ ಕೊಡುತ್ತಾರೆ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. 'ಸಾವಿರ ರೂಪಾಯಿ ತಾನೇ ಹೋಗೋದು' ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಅಸಲು ದಿನಾ ಕರಗುತ್ತಾ ಬರುತ್ತದಲ್ಲ, ಒಂಬತ್ತು ಸಾವಿರ ಪೂರ್ತಿ 100 ದಿನ ನಮ್ಮ ಹತ್ತಿರ ಇರುವುದೇ ಇಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ನೂರಕ್ಕೆ 75ರ ಮೇಲೆ ಬೀಳುತ್ತದೆ. ಬ್ಯಾಂಕಿನಲ್ಲಿ ಚಿನ್ನ ಇಟ್ಟು ತಂದರೆ ಇದರ ಕಾಲುಭಾಗವೂ ಆಗುವುದಿಲ್ಲ.

ಹೂವು ಮಾರುವ ಒಬ್ಬರಿಗೆ ಈ ಪರ್ಸೆಂಟಿನ ಲೆಕ್ಕ ಹೇಳಿ ನೋಡಿದೆ. 'ಅದೆಲ್ಲ ನಂಗೆ ಬೇಡ. ನಾಳೆ ಬೆಳಿಗ್ಗೆ ಹೂವು ತರೋಕೆ ದುಡ್ಡು ಯಾರು ಕೊಡ್ತಾರೆ, ಅದನ್ನ ಹೇಳು' ಅಂದರು. ಸರಿಯಾದ ಪ್ರಶ್ನೆ. ಅಲ್ಲಿಂದ ಮುಂದೆ ನಾನು ಪರ್ಸೆಂಟ್ ಹೇಳುವುದನ್ನು ಬಿಟ್ಟು ಅವರ ದಿನದ ನೂರು ರೂಪಾಯಿಯಿಂದಲೇ ಲೆಕ್ಕ ಶುರು ಮಾಡಿದೆ.

ಹೇಗೆ ಅಂದರೆ, ಫೈನಾನ್ಸ್‌ಗೆ ಹೋಗುವ 100 ಹೋಗಲಿ, ಜೊತೆಗೆ ನನ್ನ ಹತ್ತಿರ 20 ಕಟ್ಟಿ. ಒಟ್ಟು ದಿನಕ್ಕೆ 120. ನೂರು ದಿನ ಕಳೆದಾಗ ಸಾಲ ತೀರಿರುತ್ತದೆ, ಪಿಗ್ಮಿಯಲ್ಲಿ 2,000 ಇರುತ್ತದೆ. ಮುಂದಿನ ಸಲ ಹತ್ತರ ಬದಲು ಎಂಟು ಸಾವಿರದ ಸಾಲ ಬರೆಸಿ. ಕೈಗೆ 7,200 ಬರುತ್ತದೆ, ನಿಮ್ಮ 2,000 ಸೇರಿ 9,200. ಹೂವಿಗೆ ಸಾಕು. ಈಗ ಫೈನಾನ್ಸ್‌ಗೆ 80, ನನಗೆ 40. ಮೂರನೇ ಸಲ ಆರು ಸಾವಿರ ಬರೆಸಿ, ಅವರಿಗೆ 60, ನನಗೆ 60. ನಾಲ್ಕನೇ ಸಲ ನಾಲ್ಕು ಸಾವಿರ, ಅವರಿಗೆ 40, ನನಗೆ 80. ಅದು ಮುಗಿಯುವಾಗ ಪಿಗ್ಮಿಯಲ್ಲಿ ನಿಮ್ಮದೇ 8,000 ಇರುತ್ತದೆ. ದಿನದ 120 ಒಂದು ರೂಪಾಯಿಯೂ ಏರಿಲ್ಲ. ನಡುವೆ ಪಿಗ್ಮಿ ತೆಗೆದರೆ ಬಡ್ಡಿ ಇಲ್ಲ, ನಮ್ಮಲ್ಲಿ ಸ್ವಲ್ಪ ಕಡಿತವೂ ಇದೆ. ಆದರೂ ಫೈನಾನ್ಸ್‌ಗೆ ಹೋಗುವುದಕ್ಕೆ ಹೋಲಿಸಿದರೆ ಅದು ಲೆಕ್ಕಕ್ಕೇ ಇಲ್ಲ.

ಎಲ್ಲರೂ ಕೊನೆಯವರೆಗೆ ಬರುವುದಿಲ್ಲ. ಎರಡನೇ ಸುತ್ತಿನಲ್ಲಿ ಮಗುವಿಗೆ ಜ್ವರ, ಮೂರನೆಯದರಲ್ಲಿ ಮಳೆಗಾಲ. ಸಾಗರದ ಮಳೆ ಗೊತ್ತಲ್ಲ, ಜುಲೈಯಲ್ಲಿ ಹೂವು ಕೊಳ್ಳೋರೇ ಇರುವುದಿಲ್ಲ. ಹಾಗಾದಾಗ ಹತ್ತು ರೂಪಾಯಿ ಕೊಟ್ಟರೂ ತೆಗೆದುಕೊಳ್ಳುತ್ತೇನೆ. ಕಟ್ಟುವ ರೂಢಿ ತಪ್ಪಬಾರದು, ಮೊತ್ತ ಆಮೇಲೆ ಏರಿಸಬಹುದು.

ನಮ್ಮೂರಿನಲ್ಲಿ ಇನ್ನೊಂದು ದೊಡ್ಡ ಸಾಲ ಅಂದರೆ ಮಾರಿಕಾಂಬಾ ಜಾತ್ರೆಯದು. ಮೂರು ವರ್ಷಕ್ಕೊಮ್ಮೆ ಬರುತ್ತದೆ. ನೆಂಟರು ಬರುತ್ತಾರೆ, ಮನೆಗೆ ಬಣ್ಣ ಆಗಬೇಕು, ಸೀರೆ, ಅಡುಗೆ, ಎಲ್ಲ. ಜಾತ್ರೆಗೆ ಖರ್ಚು ಮಾಡಬೇಡಿ ಅಂತ ಹೇಳುವವಳು ನಾನಲ್ಲ. ಹೇಳಿದರೆ ಕೇಳುವವರೂ ಇಲ್ಲ, ಕೇಳಲೂಬಾರದು. 2023ರ ಜಾತ್ರೆ ಮುಗಿದ ಮೇಲೆ, ಖರ್ಚಿನ ಬಿಸಿ ಆರುವ ಮುಂಚೆ, ಎಷ್ಟಾಯಿತು ಅಂತ ಕೇಳಿ ಅವರವರ ಪಿಗ್ಮಿ ಕಾರ್ಡಿನ ಹಿಂದೆಯೇ ಬರೆದುಕೊಟ್ಟೆ. ದಿನಕ್ಕೆ 20 ಅಂದರೆ ಮೂರು ವರ್ಷಕ್ಕೆ 21,900. ಆ ಖಾತೆಗೆ 'ಜಾತ್ರೆ ಪಿಗ್ಮಿ' ಅಂತಲೇ ಹೆಸರಿಟ್ಟೆವು. ಹೆಸರಿಟ್ಟ ದುಡ್ಡನ್ನು ಜನ ಸುಮ್ನೆ ಮುಟ್ಟುವುದಿಲ್ಲ. ಇದು ನಾನು ಕಣ್ಣಾರೆ ಕಂಡಿದ್ದು.

ಇನ್ನು ಓದು ಬರಹದ ವಿಚಾರ. ದುಡ್ಡು ತೆಗೆದುಕೊಂಡಾಗ ಮಷಿನ್‌ನಿಂದ ಒಂದು ಚೀಟಿ ಬರುತ್ತದೆ. ಹೆಚ್ಚಿನವರು ಅದನ್ನು ಅಲ್ಲೇ ಮುದುಡಿ ಎಸೆಯುತ್ತಿದ್ದರು. 'ನಿನ್ ಮೇಲೆ ನಂಬಿಕೆ ಇದೆ ಬಿಡು' ಅನ್ನುತ್ತಾರೆ. ಆ ಮಾತೇ ನನಗೆ ಆಗುವುದಿಲ್ಲ. ಕಲೆಕ್ಷನ್‌ನವರು ದುಡ್ಡು ತೆಗೆದುಕೊಂಡು ಬ್ಯಾಂಕಿಗೆ ಕಟ್ಟದೇ ಹೋದ ಕತೆಗಳು ಎಷ್ಟಿಲ್ಲ? ಅದಕ್ಕೇ ಚೀಟಿಯ ಕೊನೆಯಲ್ಲಿರುವ, ಖಾತೆಯಲ್ಲಿ ಒಟ್ಟು ಕೂಡಿದ ಮೊತ್ತವನ್ನು ಅವರೇ ಓದಿ ಹೇಳಿದ ಮೇಲೆ ಮಾತ್ರ ಮುಂದಿನ ಅಂಗಡಿಗೆ ಹೋಗುತ್ತೇನೆ. ಓದಲು ಬಾರದ ಒಬ್ಬ ಅಜ್ಜಿ ಅಂಕಿಗಳನ್ನು ಕಲಿತಿದ್ದೇ ಹೀಗೆ. ಈಗ ಅವರು ಗ್ಯಾಸ್ ಬಿಲ್ಲನ್ನೂ ಓದಿ ಜಗಳ ಆಡುತ್ತಾರೆ.

ಪಿಗ್ಮಿ ದುಡ್ಡು ಕೂಡಿಸಲು ಒಳ್ಳೆಯದು, ಇಡಲು ಅಲ್ಲ. ಬಡ್ಡಿ ಕಡಿಮೆ. ನನ್ನ ಕಮಿಷನ್ ಕಟ್ಟಿದ ದುಡ್ಡಿನ ಮೇಲೆ ಸಿಗುವುದರಿಂದ ಇದನ್ನು ಹೇಳಿದರೆ ನನಗೇ ನಷ್ಟ. ಆದರೂ ಒಂದು ಮೊತ್ತ ಆದ ಕೂಡಲೇ ಎಫ್‌ಡಿ ಮಾಡಿಸಿ ಅನ್ನುತ್ತೇನೆ. ತಿಂಗಳಿಗಿಷ್ಟು ಅಂತ ತಪ್ಪದೆ ಕಟ್ಟಬಲ್ಲವರನ್ನು ಪೋಸ್ಟಾಫೀಸಿನ ಆರ್‌ಡಿಗೆ ಕಳಿಸುತ್ತೇನೆ. ಅಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷ. ವರ್ಷಕ್ಕೆ ನೂರಕ್ಕೆ 6.7ರ ಬಡ್ಡಿ ದರದಲ್ಲಿ ಕಟ್ಟಿದ 6,000ಕ್ಕೆ ಸುಮಾರು 7,136 ಬರುತ್ತದೆ. ಹೀಗೆ ಹೋದವರು ನನ್ನನ್ನು ಬಿಟ್ಟು ಹೋಗಿಲ್ಲ, ಅಕ್ಕನನ್ನೋ ನಾದಿನಿಯನ್ನೋ ಕರೆದುಕೊಂಡು ಬಂದಿದ್ದಾರೆ.

ಜಾಸ್ತಿ ಬಡ್ಡಿ ಕೊಡುವ ಸೊಸೈಟಿಗೆ ಹಾಕೋಣವಾ ಅಂತ ಕೇಳುವವರೂ ಇದ್ದಾರೆ. ನಾನು ತಿರುಗಿ ಕೇಳುವುದು ಒಂದೇ, ಅದು ಬ್ಯಾಂಕಾ, ಸೊಸೈಟಿಯಾ? ಬ್ಯಾಂಕಾದರೆ, ಸಹಕಾರಿ ಬ್ಯಾಂಕಾದರೂ ಸರಿ, ಮುಳುಗಿದರೆ ಒಬ್ಬರಿಗೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು ಒಂದೇ ಲಕ್ಷ ಇತ್ತು. ಪತ್ತಿನ ಸೊಸೈಟಿ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆ ಇಲ್ಲ. ಅಲ್ಲಿ ಚೆನ್ನಾಗಿ ನಡೆಯುವವೂ ಬೇಕಾದಷ್ಟಿವೆ. ಆದರೆ ಮಗಳ ಮದುವೆ ದುಡ್ಡು ಪೂರ್ತಿ ಒಂದೇ ಕಡೆ ಇಡುವ ಮುಂಚೆ ಈ ವ್ಯತ್ಯಾಸ ಗೊತ್ತಿರಬೇಕು, ಅಲ್ವಾ?

ಮೇ ತಿಂಗಳ ಮೂರನೇ ವಾರದಲ್ಲಿ ನನಗೆ ಇನ್ನೊಂದು ಕೆಲಸ ಇರುತ್ತದೆ. ಪ್ರತಿ ಅಂಗಡಿಯಲ್ಲೂ 'ಉಳಿತಾಯ ಖಾತೆಯಲ್ಲಿ 456 ಬಿಡಿ' ಅಂತ ಹೇಳಿಕೊಂಡು ಬರುವುದು. ಜೀವನ್ ಜ್ಯೋತಿ ವಿಮೆಗೆ 436, ಅಪಘಾತದ ಸುರಕ್ಷಾ ವಿಮೆಗೆ 20. ಎರಡೂ ತಲಾ ಎರಡು ಲಕ್ಷದವು. ಕಂತು ಮೇ ಕೊನೆಗೆ ತಾನಾಗಿ ಕಡಿತ ಆಗುತ್ತದೆ. ಆಗ ಖಾತೆ ಖಾಲಿ ಇದ್ದರೆ ವಿಮೆಯೂ ನಿಂತುಹೋಗುತ್ತದೆ. ಗೃಹಲಕ್ಷ್ಮಿ ದುಡ್ಡು ಬಂದ ದಿನವೇ ಅಷ್ಟನ್ನೂ ಡ್ರಾ ಮಾಡುವ ಮನೆಗಳಲ್ಲಿ ಇದು ಜಾಸ್ತಿ.

ಇತ್ತೀಚಿನ ತಲೆಬಿಸಿ ಫೋನ್‌ಪೇ, ಗೂಗಲ್‌ಪೇ. ವ್ಯಾಪಾರದ ಅರ್ಧ ದುಡ್ಡು ನೇರ ಖಾತೆಗೆ ಹೋಗುತ್ತದೆ. 'ಗಲ್ಲಾದಲ್ಲಿ ಏನಿಲ್ಲ ಅಕ್ಕ, ಎಲ್ಲ ಮೊಬೈಲಲ್ಲಿದೆ' ಅನ್ನುತ್ತಾರೆ. ಅಂಥವರಿಗೆ ಎರಡು ಖಾತೆ ಇಟ್ಟುಕೊಳ್ಳಲು ಹೇಳುತ್ತಿದ್ದೇನೆ. ಕ್ಯೂಆರ್ ಇರುವುದು ಒಂದಕ್ಕೆ. ರಾತ್ರಿ ಅಂಗಡಿ ಮುಚ್ಚುವಾಗ ಅದರಿಂದ 50ನ್ನೋ 100ನ್ನೋ ಇನ್ನೊಂದಕ್ಕೆ ದಾಟಿಸಬೇಕು. ಆ ಇನ್ನೊಂದಕ್ಕೆ ಎಟಿಎಂ ಕಾರ್ಡ್ ಬೇಡ. ಜೊತೆಗೆ ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತಲೂ ಹೇಳಿಕೊಡುತ್ತೇನೆ. ಈ ಎರಡು ಖಾತೆಯ ಉಪಾಯ ಟೈಲರ್‌ಗಳಲ್ಲಿ ಹಿಡಿದಿದೆ. ಆಟೋದವರಲ್ಲಿ ಇನ್ನೂ ಇಲ್ಲ. ಅವರಿಗೆ ಡೀಸೆಲ್ ಹಾಕಿಸುವಾಗಲೇ ಹೇಳಬೇಕೇನೋ ಅಂತ ಈಗ ಬಂಕ್ ಹತ್ತಿರ ನಿಂತು ನೋಡುತ್ತಿದ್ದೇನೆ.