ಕೊರಿಯನ್ ಬಾರ್ಬೆಕ್ಯೂ: ಬುಲ್ಗೋಗಿ ಕೊನೆಗೆ ಹಾಕಿ

ಚಿಕ್ಕಮಗಳೂರಿನ ಹೊಸ ಕೊರಿಯನ್ ಬಾರ್ಬೆಕ್ಯೂಗೆ, ಅಂದ್ರೆ ಮೇಜಿನ ಮೇಲೇ ನಾವೇ ಮಾಂಸ ಸುಟ್ಟು ತಿನ್ನೋ ಹೋಟೆಲಿಗೆ, ಹೋಗೋರು ಕಾವಲಿ ಮೇಲೆ ಮೊದಲು ಏನೂ ಹಚ್ಚದ ಮಾಂಸ ಹಾಕಿ, ಬುಲ್ಗೋಗಿಯಂಥ (ತೆಳ್ಳಗೆ ಕತ್ತರಿಸಿದ, ಸಾಮಾನ್ಯವಾಗಿ ದನದ ಮಾಂಸ) ಮಸಾಲೆಯಲ್ಲಿ ನೆನೆಸಿಟ್ಟಿದ್ದು ಕೊನೆಗೆ. ಬುಲ್ಗೋಗಿ ಮಸಾಲೆಯಲ್ಲಿ ಸೋಯಾ ಸಾಸ್ ಜೊತೆ ಸಕ್ಕರೆ ಇರುತ್ತೆ. ಅದು ಬೇಗ ಸೀದು ತಳಕ್ಕೆ ಕರ್ರಗೆ ಅಂಟುತ್ತೆ, ಆಮೇಲೆ ಹಾಕಿದ್ದಕ್ಕೆಲ್ಲ ಕಹಿ ಹಿಡಿಯುತ್ತೆ. ಸಮ್‌ಗ್ಯೋಪ್ಸಾಲ್, ಅಂದ್ರೆ ಹಂದಿ ಹೊಟ್ಟೆ ಭಾಗದ ಪಟ್ಟಿ, ಮೊದಲು ಬಿದ್ದರೆ ಅದರ ಕೊಬ್ಬೇ ಕರಗಿ ಕಾವಲಿಗೆ ಎಣ್ಣೆ ಸವರಿದ ಹಾಗಾಗುತ್ತೆ. ಹಂದಿ ಕೊಬ್ಬಿನ ವಿಷಯ ಮಲೆನಾಡಿನವರಿಗೆ ಹೇಳಿಕೊಡಬೇಕಾ! ಕಾವಲಿ ಚೆನ್ನಾಗಿ ಕಾದಿರಲಿ, ಮಾಂಸ ತಾಗಿದ ತಕ್ಷಣ ಚುಂಯ್ ಅನ್ನಬೇಕು. ಪಟ್ಟಿಗಳ ನಡುವೆ ಒಂದು ಬೆರಳು ಜಾಗ ಬಿಡಿ, ಒತ್ತೊತ್ತಾಗಿ ಹಾಕಿದರೆ ನೀರು ಬಿಟ್ಟುಕೊಂಡು ಬೇಯುತ್ತೆ, ಸುಡಲ್ಲ. ಅಡಿ ಕೆಂಪಗಾಗಿ ತಾನೇ ಬಿಟ್ಟುಕೊಂಡಾಗ ಮಗುಚಿ, ಆಮೇಲೆ ಕತ್ತರಿಯಿಂದ ತುಂಡು ಮಾಡಿ. ಹಸಿ ಮಾಂಸ ಮುಟ್ಟಿದ ಇಕ್ಕಳದಲ್ಲಿ ಬೆಂದಿದ್ದು ಎತ್ತಬೇಡಿ. ಬರೀ ಚಿಕನ್ ತಗೊಂಡರೆ ಈ ಉಪಾಯ ನಡೆಯಲ್ಲ. ಅದು ಸಾಮಾನ್ಯವಾಗಿ ಸಿಹಿ-ಖಾರದ ಗೊಚುಜಾಂಗ್ (ಕೊರಿಯಾದ ಮೆಣಸಿನಕಾಯಿ ಪೇಸ್ಟ್) ಮಸಾಲೆಯಲ್ಲೇ ಬರುತ್ತೆ, ಮೇಲೆ ಕಪ್ಪಾದರೂ ಒಳಗೆ ಹಸಿ ಉಳಿಯುತ್ತೆ. ಉರಿ ಸಣ್ಣ ಮಾಡಿ, ಕಡಿಮೆ ತುಂಡು ಹಾಕಿ, ಆಗಾಗ ಮಗುಚುತ್ತಾ ಇರಿ. ತಳ ಹಿಡಿದರೆ ಕೆರೆಯೋಕೆ ಹೋಗದೆ ಕಾವಲಿ ಬದಲಾಯಿಸಿ ಅಂತ ಕೇಳಿ.