ತೋಟವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ

ಶಿರಸಿ ಹತ್ತಿರ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಬಾಳೆ, ಒಂದಿಷ್ಟು ಏಲಕ್ಕಿ. ಅಡಿಕೆ ಕೈಕೊಟ್ಟ ವರ್ಷ ಮೆಣಸು ಕಾಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ದುಡ್ಡಿನ ವಿಷಯದಲ್ಲಿ ಆ ಮಾತು ನನಗೆ ಹೊಳೆದದ್ದು ಪೆಟ್ಟು ತಿಂದ ಮೇಲೆ.

2018ರ ಹೊತ್ತಿಗೆ ನನ್ನ ಉಳಿತಾಯ ಸಹಕಾರ ಸಂಘದ ಠೇವಣಿ, ಹಲವರ ದುಡ್ಡು ಸೇರಿಸಿ ಹೂಡುವ ಮ್ಯೂಚುವಲ್ ಫಂಡ್ ಎಂದು ಎರಡು ಪಾಲಾಗಿತ್ತು. ಫಂಡಿನಲ್ಲಿ ಹೆಚ್ಚಿನದು ಸಣ್ಣ ಕಂಪನಿಗಳ ಷೇರಿನದು. ಹಿಂದಿನ ವರ್ಷಗಳ ಲಾಭ ನೋಡಿ ಹಾಕಿದ್ದೆ. 2019ರ ಆಗಸ್ಟ್ ಮಳೆಗೆ ತೋಟಕ್ಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಂತು. ಎರಡನೇ ಸಲ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವೇ ಕೊಡಲಿಲ್ಲ. ಬೆಳೆ ಅರ್ಧಕ್ಕಿಳಿಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್. ಇದ್ದ ಅಡಿಕೆಯನ್ನೂ ಮಾರುವಂತಿಲ್ಲ. ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ (ದೇಶದ ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಮಾರ್ಚ್ 23ಕ್ಕೆ 7,610ಕ್ಕೆ ಕುಸಿದಿತ್ತು. ಕೂಲಿ ಬಾಕಿ, ಗೊಬ್ಬರ, ಮೈಲುತುತ್ತ ಎಂದು ಏಪ್ರಿಲ್‌ನಲ್ಲಿ ಎರಡು ಲಕ್ಷದ ಫಂಡನ್ನು ನಷ್ಟಕ್ಕೆ ಮಾರಿದೆ.

"ನಿದ್ದೆ ಬರ್ತಿಲ್ಲೆ ಹೇಳಾದ್ರೆ ಹಾಕಿದ್ದು ಹೆಚ್ಚಾತು" ಎಂದಳು ಹೆಂಡತಿ. ನಾನು ಓದಿದ ಯಾವ ಲೇಖನಕ್ಕಿಂತಲೂ ಆ ಮಾತು ನೇರವಾಗಿತ್ತು.

ಆಮೇಲೆ ಲೆಕ್ಕದ ಪುಸ್ತಕ ಹಿಡಿದು ಕೂತೆ. ಬೇರೆ ಬೇರೆ ಕಡೆ ಇಟ್ಟಿದ್ದೇನೆ ಅಂದುಕೊಂಡಿದ್ದೆ. ಆದರೆ ತೋಟದ ಆದಾಯ, ಅಡಿಕೆ ಬೆಳೆಗಾರರೇ ತುಂಬಿರುವ ಸಂಘದ ಠೇವಣಿ, ಪೇಟೆಯಲ್ಲಿ ಬಾಡಿಗೆಗೆ ಕೊಟ್ಟ ಅಂಗಡಿ, ಮೂರೂ ಒಂದೇ ಗೊನೆಯ ಕಾಯಿಗಳು. ಅಡಿಕೆ ದರ ಬಿದ್ದರೆ ಮೂರೂ ಅಲುಗುತ್ತವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಗಣಿತ ಹಾಕಿ ತೋರಿಸಿದ್ದೂ ಇದನ್ನೇ: ಒಂದೊಂದು ಹೂಡಿಕೆ ಎಷ್ಟು ಏರಿಳಿಯುತ್ತದೆ ಎಂದು ನೋಡಿದರೆ ಸಾಲದು, ಅವು ಒಟ್ಟಿಗೇ ಬೀಳುತ್ತವೆಯೇ ಎಂದೂ ನೋಡಬೇಕು.

ಮೊದಲು ಒಂದೂವರೆ ವರ್ಷದ ಮನೆ ಮತ್ತು ತೋಟದ ಖರ್ಚನ್ನು ಎರಡು ಬ್ಯಾಂಕುಗಳಲ್ಲಿ ಠೇವಣಿ ಇಟ್ಟೆ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ; ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಸಂಘವನ್ನು ನಾನು ಬಿಟ್ಟಿಲ್ಲ, ಅದು ನಮ್ಮದೇ. ಆದರೆ ಎಲ್ಲವನ್ನೂ ಅಲ್ಲೇ ಇಡುವುದಿಲ್ಲ.

ಉಳಿದದ್ದು ಅರ್ಧ ನಿಫ್ಟಿಯ ಕಂಪನಿಗಳಲ್ಲೇ ಹೂಡುವ ಇಂಡೆಕ್ಸ್ ಫಂಡ್, ಅರ್ಧ ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಮತ್ತು ಠೇವಣಿ. ಲೆಕ್ಕ ಹೀಗೆ ಹಾಕಿದೆ: ಹತ್ತು ಲಕ್ಷದಲ್ಲಿ ಷೇರಿನ ಐದು ಲಕ್ಷ ಶೇ. 40 ಬಿದ್ದರೆ ಮೂರಾಗುತ್ತದೆ. ಇನ್ನೊಂದು ಐದು ವರ್ಷಕ್ಕೆ ಶೇ. 7ರಂತೆ 5.35 ಆಗುತ್ತದೆ. ಒಟ್ಟು 8.35 ಲಕ್ಷ, ಅಂದರೆ 1.65 ಲಕ್ಷ ನಷ್ಟ. ಅಷ್ಟು ಕಳೆದರೆ ತಡೆದುಕೊಳ್ಳಬಲ್ಲೆ. ಪೂರ್ತಿ ಷೇರಿನಲ್ಲಿದ್ದರೆ ಆರೇ ಲಕ್ಷ, ಅದು ಮತ್ತೆ ಹತ್ತಾಗಲು ಶೇ. 67ರಷ್ಟು ಏರಬೇಕು. ದೀರ್ಘಾವಧಿಗೆ ಷೇರಿನಿಂದ ವರ್ಷಕ್ಕೆ ಶೇ. 11 ಬಂದೀತು ಎಂಬುದು ನನ್ನ ಅಂದಾಜು. ಹಾಗಾದರೆ ಒಟ್ಟಿನ ಮೇಲೆ ಶೇ. 9. ಎರಡು ಶೇಕಡಾ ಬಿಟ್ಟುಕೊಟ್ಟು ನಿದ್ದೆ ಕೊಂಡೆ.

ವರ್ಷಕ್ಕೊಮ್ಮೆ ಯುಗಾದಿಗೆ ಪಾಲನ್ನು ಮತ್ತೆ ಅರ್ಧರ್ಧಕ್ಕೆ ಸರಿಮಾಡುತ್ತೇನೆ. 2021ರ ಯುಗಾದಿಗೆ ಷೇರಿನ ಪಾಲು ಶೇ. ಅರವತ್ತರ ಹತ್ತಿರ ಹೋಗಿತ್ತು. ಎಲ್ಲರೂ ಇನ್ನೂ ಏರುತ್ತದೆ ಎನ್ನುತ್ತಿದ್ದಾಗ ಮಾರುವುದು ಕಷ್ಟ, ಬಿದ್ದಾಗ ಸುಮ್ಮನಿರುವುದಕ್ಕಿಂತಲೂ ಕಷ್ಟ. ಮಾರಿದೆ, ಒಂದೂವರೆ ಲಕ್ಷ ಪಿಪಿಎಫ್‌ಗೆ ಹಾಕಿದೆ, ವರ್ಷಕ್ಕೆ ಅದೇ ಮಿತಿ. ಮಿಕ್ಕಿದ್ದು ಠೇವಣಿಗೆ ಹೋಯಿತು. ಆಮೇಲೆ ನಿಫ್ಟಿ ಇನ್ನೂ ಏರಿತು.

2022ರಲ್ಲಿ ಎಲೆಚುಕ್ಕೆ ರೋಗ ನಮ್ಮ ತೋಟಕ್ಕೂ ಇಳಿಯಿತು. ಔಷಧಿ, ಕೂಲಿ ಎಲ್ಲ ಠೇವಣಿಯಿಂದಲೇ ನಡೆಯಿತು. ಫಂಡಿನ ಒಂದು ಯೂನಿಟ್ಟನ್ನೂ ಮುಟ್ಟಬೇಕಾಗಲಿಲ್ಲ.