ಬಿಸಿಲಿಗೆ ಕಪ್ಪಾಗುವ ಕನ್ನಡಕ: ನಮ್ಮ ಕಡೆಯ ಸೆಕೆಯಲ್ಲಿ ಎಷ್ಟು ನಿರೀಕ್ಷಿಸಬಹುದು?

ಬಿಸಿಲಿಗೆ ಹೋದರೆ ಕಪ್ಪಾಗುತ್ತದೆ, ನೆರಳಿಗೆ ಬಂದರೆ ತಿಳಿಯಾಗುತ್ತದೆ ಎಂದು ಹೇಳಿ ಕನ್ನಡಕದ ಅಂಗಡಿಯವರು ಮಾರುವ ಫೋಟೋಕ್ರೋಮಿಕ್ ಲೆನ್ಸು ಬಳ್ಳಾರಿ, ರಾಯಚೂರಿನಂಥ ಊರುಗಳಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಲೆನ್ಸು ಎಷ್ಟು ಕಪ್ಪಾಗುತ್ತದೆ ಎಂಬುದು ಬಿಸಿಲಿನ ಪ್ರಖರತೆಯೊಂದನ್ನೇ ಅಲ್ಲ, ಗಾಳಿಯ ಬಿಸಿಯನ್ನೂ ಅವಲಂಬಿಸಿರುವುದರಿಂದ, ಹಣ ಕೊಡುವ ಮುನ್ನ ಅದರ ಕೆಲಸದ ಬಗೆಯನ್ನು ಅರಿತಿರುವುದು ಒಳ್ಳೆಯದು.

1960ರ ದಶಕದಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ರೂಪುಗೊಂಡ ಇಂಥ ಮೊದಲ ಗಾಜುಗಳಲ್ಲಿ ಸಿಲ್ವರ್ ಹ್ಯಾಲೈಡಿನ ಅತಿ ಸಣ್ಣ ಹರಳುಗಳಿದ್ದವು. ಇಂದು ನಾವು ಧರಿಸುವ ಪ್ಲಾಸ್ಟಿಕ್ ಲೆನ್ಸುಗಳಲ್ಲಿ ಅವುಗಳ ಬದಲು ನ್ಯಾಫ್ತೊಪೈರಾನ್‌ನಂಥ ಸಾವಯವ ಅಣುಗಳಿರುತ್ತವೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಬಿದ್ದೊಡನೆ ಅಣುವಿನೊಳಗಿನ ಒಂದು ಬಂಧ ಕಳಚಿ, ಮಡಚಿದ ಕೊಡೆ ಬಿಚ್ಚಿಕೊಂಡಂತೆ ಅದು ಅಗಲವಾಗಿ ಹರಡಿಕೊಂಡು ಕಣ್ಣಿಗೆ ಕಾಣುವ ಬೆಳಕನ್ನೂ ಹೀರತೊಡಗುತ್ತದೆ. ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವುದು ಮುಖ್ಯವಾಗಿ ಶಾಖ. ಬಿಸಿಲು ಅಣುಗಳನ್ನು ಬಿಚ್ಚುತ್ತಿರುವಾಗಲೇ ಸೆಕೆ ಅವನ್ನು ಮಡಚುತ್ತಿರುತ್ತದೆ. ಇವೆರಡರ ಹಗ್ಗಜಗ್ಗಾಟ ಎಲ್ಲಿ ನಿಲ್ಲುತ್ತದೆಯೋ ಅಷ್ಟೇ ಬಣ್ಣ ನಮಗೆ ಸಿಗುತ್ತದೆ.

ನಮ್ಮ ಭಾಗದವರು ಗಮನಿಸಬೇಕಾದ ಅಂಶ ಇದೇ. ಈ ಲೆನ್ಸುಗಳ ಗುಣವನ್ನು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಳೆಯುತ್ತಾರೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ದಾಟಿದಾಗ ಅದೇ ಲೆನ್ಸು ಕಂಪನಿಯ ಚಿತ್ರದಲ್ಲಿ ತೋರಿಸಿದಷ್ಟು ಕಪ್ಪಾಗುವುದಿಲ್ಲ. ಡಿಸೆಂಬರಿನ ತಂಪು ಮುಂಜಾನೆಯಲ್ಲಿ, ಬಿಸಿಲು ಎಳೆಯದಾಗಿದ್ದರೂ, ಚೆನ್ನಾಗಿ ಗಾಢವಾಗುತ್ತದೆ. ಬೇಸಿಗೆಯಲ್ಲಿ ಬಣ್ಣ ತೆಳುವಾಗಿದೆ ಎಂದು ಅಂಗಡಿಯವರ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ. ಸಮಾಧಾನದ ಸಂಗತಿಯೆಂದರೆ, ಬಣ್ಣ ತೆಳುವಾಗಿದ್ದಾಗಲೂ ಉತ್ತಮ ಲೆನ್ಸು ಅತಿನೇರಳೆ ಕಿರಣವನ್ನು ತಡೆಯುತ್ತಲೇ ಇರುತ್ತದೆ.

ಇನ್ನು ಕಾರು. ಮುಂಭಾಗದ ಗಾಜು ಅತಿನೇರಳೆ ಕಿರಣವನ್ನು ಬಹುಪಾಲು ತಡೆಹಿಡಿಯುವುದರಿಂದ, ಕೊಪ್ಪಳದಿಂದ ಗಂಗಾವತಿಗೆ ಹೊರಟವರ ಕಣ್ಣಿಗೆ ಬಿಸಿಲು ನೇರವಾಗಿ ರಾಚುತ್ತಿದ್ದರೂ ಸಾಮಾನ್ಯ ಫೋಟೋಕ್ರೋಮಿಕ್ ಲೆನ್ಸು ಹೆಚ್ಚುಕಡಿಮೆ ತಿಳಿಯಾಗಿಯೇ ಉಳಿಯುತ್ತದೆ. ಕಾರಿನೊಳಗೂ ಸ್ವಲ್ಪ ಕಪ್ಪಾಗುವ ಬಗೆಗಳಿವೆ, ಬೇಕಿದ್ದರೆ ಕೇಳಿ ಪಡೆಯಬೇಕು. ಮುಚ್ಚಿದ ಹೆಲ್ಮೆಟ್ಟಿನ ಮುಂಗಾಜಿನ ಹಿಂದೆಯೂ ಇದೇ ಕಥೆ. ಮುನಿರಾಬಾದಿನಲ್ಲಿ ತುಂಗಭದ್ರಾ ಹಿನ್ನೀರಿನಿಂದ ಚಿಮ್ಮುವ ಪ್ರತಿಫಲನವನ್ನು ಕತ್ತರಿಸಲು ಬೇಕಾದದ್ದು ಪೋಲರೈಸ್ಡ್ ಲೆನ್ಸು. ಅದು ಬೇರೆಯೇ ವಸ್ತು. ದಿನವಿಡೀ ಕಾರು ಓಡಿಸುವವರು ನಂಬರಿನ ಸಾದಾ ಕನ್ನಡಕದ ಜೊತೆಗೆ ಅದೇ ನಂಬರಿನ ಕೂಲಿಂಗ್ ಗ್ಲಾಸನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹೊಲಕ್ಕೆ, ಸಂತೆಗೆ, ಕಚೇರಿಗೆ ನಡೆದು ಓಡಾಡುವವರಿಗೆ ಮಾತ್ರ ಒಂದೇ ಕನ್ನಡಕದ ಈ ಅನುಕೂಲ ನಿಜಕ್ಕೂ ದೊಡ್ಡದು.

ಅಂಗಡಿಯಲ್ಲಿ ಅತಿನೇರಳೆ ಟಾರ್ಚು ಬಿಟ್ಟು ತೋರಿಸುವ ಕಪ್ಪನ್ನು ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಏಸಿಯ ತಂಪಿನಲ್ಲಿ ಅದು ಸಹಜವಾಗಿಯೇ ಗಾಢವಾಗಿ ಕಾಣುತ್ತದೆ. ಮಾದರಿ ಲೆನ್ಸಿನ ಅರ್ಧಕ್ಕೆ ದಪ್ಪ ಕಾಗದದ ಪಟ್ಟಿ ಸುತ್ತಿ, ಬಾಗಿಲ ಹೊರಗೆ ಮಧ್ಯಾಹ್ನದ ಬಿಸಿಲಿನಲ್ಲಿ ಒಂದೆರಡು ನಿಮಿಷ ಹಿಡಿಯಿರಿ. ಒಳಗೆ ಬಂದೊಡನೆ ಪಟ್ಟಿ ತೆಗೆದು ಬಿಳಿ ಹಾಳೆಯ ಮೇಲಿಟ್ಟರೆ, ಮುಚ್ಚಿದ ಭಾಗ ತಿಳಿಯಾಗಿಯೂ ಉಳಿದದ್ದು ಬೂದು ಅಥವಾ ಕಂದು ಬಣ್ಣವಾಗಿಯೂ ಕಾಣುತ್ತದೆ. ನಿಮಗೆ ಬೇಸಿಗೆಯಲ್ಲಿ ದಕ್ಕುವ ಬಣ್ಣ ಅಷ್ಟೇ. ಅದು ಮಾಸುವುದನ್ನೂ ಅಲ್ಲೇ ನಿಂತು ನೋಡಿ. ಕಪ್ಪಾಗಲು ಒಂದು ನಿಮಿಷದೊಳಗಿನ ಸಮಯ ಸಾಕಾದರೂ ಪೂರ್ತಿ ತಿಳಿಯಾಗಲು ಹಲವು ನಿಮಿಷ ಬೇಕಾಗುತ್ತದೆ, ಆದ್ದರಿಂದ ಬಿಸಿಲಿನಿಂದ ಬಂದವರು ಮಬ್ಬುಗತ್ತಲೆಯ ಮೆಟ್ಟಿಲು ಇಳಿಯುವಾಗ ಕನ್ನಡಕ ತೆಗೆಯುವುದೋ ತುಸು ಕಾಯುವುದೋ ಲೇಸು.

ಸಂಡೂರಿನ ಕಡೆಯ ಅದಿರಿನ ಧೂಳು ಕುಳಿತ ಲೆನ್ಸನ್ನು ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಮೊದಲು ನೀರಿನಲ್ಲಿ ತೊಳೆಯಿರಿ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಶಾಖಕ್ಕೆ ಲೇಪನ ಬಿರುಕು ಬಿಡಬಹುದು. ವರ್ಷಗಳು ಕಳೆದಂತೆ ಅಣುಗಳು ದಣಿಯುತ್ತವೆ. ಕಪ್ಪಾಗುವುದು ಕಡಿಮೆಯಾಗಿ, ತಿಳಿಯಾದಾಗಲೂ ತುಸು ಹಳದಿ ಛಾಯೆ ಉಳಿಯುತ್ತದೆ. ಒಂದು ಲೆನ್ಸು ಮಾತ್ರ ಒಡೆದರೂ ಎರಡನ್ನೂ ಒಟ್ಟಿಗೆ ಬದಲಾಯಿಸಿ, ಇಲ್ಲವಾದರೆ ಬಿಸಿಲಿನಲ್ಲಿ ಹೊಸದು ಹೆಚ್ಚು ಕಪ್ಪಾಗಿಯೂ ಹಳೆಯದು ತೆಳುವಾಗಿಯೂ ಕಾಣುತ್ತದೆ.